ಒಗರೂ ಒಂದು ರುಚಿಯೇ



ಇಂದಿನ ಬರಹವನ್ನು ಒಂದು ತಪ್ಪೊಪ್ಪಿಗೆಯೊಂದಿಗೆ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ, ಸಿಲಿಗುರಿಯಲ್ಲಿ ಉದ್ಯೋಗದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಾಗ ಡಾರ್ಜಿಲಿಂಗ್ ಚಹಾ ಎಲೆಯ ಪೊಟ್ಟಣವೊಂದನ್ನು ತಂದುಕೊಟ್ಟ. "ಹಾಲು ಹಾಕಬೇಡಿ ಸಾರ್, ಹಾಗೆಯೇ ಕುಡಿದು ನೋಡಿ" ಎಂದು ಹೇಳಿಯೂ ಹೋಗಿದ್ದ. ನಾವು ಮಾತ್ರ ಎಂದಿನಂತೆ ಹಾಲು, ಸಕ್ಕರೆ ಸೇರಿಸಿ ಚೆನ್ನಾಗಿ ಕುದಿಸಿದೆವು. ಬಣ್ಣವೂ ಬರಲಿಲ್ಲ, ಖಡಕ್ ರುಚಿಯೂ ಬರಲಿಲ್ಲ. ಆತ ದೂರವಾಣಿಯಲ್ಲಿ ವಿಚಾರಿಸಿದಾಗ, "ಹುಲ್ಲು ಕುದಿಸಿದ ನೀರಿನಂತಿದೆಯಪ್ಪಾ" ಎಂದು ನಕ್ಕುಬಿಟ್ಟೆ. ಆತ ಒಂದು ಕ್ಷಣ ಸುಮ್ಮನಿದ್ದು ಮಾತು ಬದಲಿಸಿದ. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯಬೇಡಿರೆಂದು ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಹೇಳುತ್ತ ಬಂದವನು ನಾನು!

ಅನಂತರ ವೈದ್ಯರು ನನಗೆ ಸಕ್ಕರೆಯನ್ನು ನಿಷೇಧಿಸಿದರು. ಸಕ್ಕರೆಯಿಲ್ಲದ ಹಾಲಿನ ಚಹಾ ನನಗೆ ಸೇರಲಿಲ್ಲ; ಬೆಳಗಿನ ಹೊತ್ತು ಏನನ್ನೋ ಕಳೆದುಕೊಂಡಂತಾಗುತ್ತಿತ್ತು. ಆಗ ನನ್ನ ಶ್ರೀಮತಿಯವರು ಡಬ್ಬಿಯಲ್ಲಿ ಉಳಿದಿದ್ದ ಆ ಎಲೆಗಳನ್ನು ನೆನಪಿಸಿದರು. ಈ ಬಾರಿ ಆತ ಹೇಳಿದಂತೆಯೇ ಮಾಡಿದೆವು. ಕುದಿಯುವ ನೀರನ್ನು ಎಲೆಗಳ ಮೇಲೆ ಸುರಿದು, ಮುಚ್ಚಿಟ್ಟು, ಮೂರು ನಿಮಿಷದ ಮೇಲೆ ಸೋಸಿದೆವು. ತಿಳಿಯಾದ ಕಿತ್ತಳೆ ಬಣ್ಣ, ಮಾಗಿದ ದ್ರಾಕ್ಷಿಯನ್ನು ನೆನಪಿಸುವ ಪರಿಮಳ, ಕೊನೆಯಲ್ಲಿ ನಾಲಿಗೆಯನ್ನು ಮೆಲ್ಲನೆ ಹಿಡಿದು ಬಿಡುವ ಒಂದು ಒಗರು. ಹುಲ್ಲಿನ ನೀರೆಂದು ನಾನು ಹಳಿದದ್ದು ಇದನ್ನೇ.

ಆ ಒಗರಿನ ಪರವಾಗಿಯೇ ಇಂದಿನ ನನ್ನ ವಾದ. ಹಾಲಿಲ್ಲದ ಚಹಾ ಎಂದೊಡನೆ ನಮ್ಮವರು "ಕಹಿ" ಎಂದು ಮುಖ ಸಿಂಡರಿಸುತ್ತಾರೆ. ಆದರೆ ಕಹಿ ಬೇರೆ, ಒಗರು ಬೇರೆ. ಹಾಗಲಕಾಯಿಯದು ಕಹಿ, ನೇರಳೆಹಣ್ಣು, ಅಡಿಕೆಗಳದು ಒಗರು. ನಮ್ಮ ಹಿರಿಯರು ಷಡ್ರಸಗಳಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದ್ದಾರೆ. ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬುದು ಬಿ.ಎಡ್. ತರಗತಿಯಲ್ಲಿ ನಾವು ಕಲಿತ ಬೋಧನಾ ಸೂತ್ರ. ಶಾಲೆಯ ಗೇಟಿನ ಬಳಿ ನೆಲ್ಲಿಕಾಯಿಯನ್ನು ಉಪ್ಪು ಹಚ್ಚಿ ತಿಂದು, ಮೇಲೆ ನೀರು ಕುಡಿದು ಅದರ ಸಿಹಿಗೆ ಬೆರಗಾದವರಲ್ಲವೇ ನೀವು? ನಿಮ್ಮ ನಾಲಿಗೆಗೆ ಒಗರು ಹೊಸದಲ್ಲ.

ಚಹಾದ ಒಗರಿಗೆ ಅದರಲ್ಲಿರುವ ಪಾಲಿಫಿನಾಲ್‌ಗಳು ಕಾರಣ. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಅವುಗಳೊಡನೆ ಕೂಡಿಕೊಂಡು ಒಗರನ್ನು ತಗ್ಗಿಸುತ್ತದೆ. ನಮ್ಮ ದೇಶದಲ್ಲಿ ತಯಾರಾಗುವ ಚಹಾದ ಬಹುಪಾಲು ಸಿ.ಟಿ.ಸಿ. ವಿಧಾನದ್ದು. ಎಲೆಯನ್ನು ಹಲ್ಲುಳ್ಳ ಉರುಳೆಗಳ ನಡುವೆ ಜಜ್ಜಿ, ಹರಿದು, ಹರಳಾಗಿಸುವ ಈ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಳಕೆಗೆ ಬಂದಿತು. ಹಾಲು ಸೇರಿದರೂ ಮಂಕಾಗದ ಬಣ್ಣ, ಕಡಿಮೆ ಪುಡಿಯಲ್ಲಿ ಹೆಚ್ಚು ಲೋಟ ಚಹಾ, ಇವು ಅದರ ಕೊಡುಗೆ. ಅದನ್ನು ನಾನು ಕೀಳೆನ್ನುವುದಿಲ್ಲ. ಮಳೆಗಾಲದ ಸಂಜೆ ಬಸ್ ನಿಲ್ದಾಣದಲ್ಲಿ ಕುಡಿದ ಹಾಲಿನ ಚಹಾದ ಋಣ ನನ್ನ ಮೇಲೂ ಇದೆ. ಆದರೆ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟು ಬಣ್ಣ ತಿರುಗಿಸಿ, ಒಣಗಿಸಿದ ಹಳೆಯ ಪದ್ಧತಿಯ ಚಹಾವನ್ನು ಅದೇ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ. ಗಣಿತದ ಪ್ರಶ್ನೆಪತ್ರಿಕೆ ಕೊಟ್ಟು ಹಾಡುಗಾರನನ್ನು ಅನುತ್ತೀರ್ಣಗೊಳಿಸಿದಂತೆ.

ರುಚಿ ನೋಡುವುದಕ್ಕೂ ಒಂದು ಕ್ರಮವಿದೆ. ವೃತ್ತಿನಿರತ ಪರೀಕ್ಷಕರು 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ ಹಾಕಿ 6 ನಿಮಿಷ ಬಿಡುತ್ತಾರೆ. ಅದು ಗುಣದೋಷಗಳೆರಡನ್ನೂ ಎತ್ತಿ ತೋರಿಸುವ ಪರೀಕ್ಷೆ. ಮನೆಗೆ ಅಷ್ಟು ಬೇಡ. ಒಂದು ಲೋಟಕ್ಕೆ ಒಂದು ಚಮಚ ಎಲೆ, ಮೂರು ನಿಮಿಷ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಒಗರು ಮಿತಿಮೀರುತ್ತದೆ. ಮೊದಲು ಬಣ್ಣ ನೋಡಿ, ಬಳಿಕ ಪರಿಮಳ, ಕೊಂಚ ಆರಿದ ಮೇಲೆ ಗುಟುಕು. ಪರೀಕ್ಷಕರು ಗಾಳಿಯೊಡನೆ ಸೊರ್ರೆಂದು ಹೀರುತ್ತಾರೆ, ಪರಿಮಳ ಮೂಗಿಗೂ ತಲುಪಲೆಂದು. ಹಾಗೆ ಶಬ್ದ ಮಾಡಿದ್ದಕ್ಕೆ ಬಾಲ್ಯದಲ್ಲಿ ನನಗೆ ಬೈಗುಳ ಸಿಕ್ಕಿತ್ತು! ಕೊನೆಗೆ ನೆನೆದ ಎಲೆಯನ್ನೂ ಬಿಡಿಸಿ ನೋಡಿ. ಕೈಯಿಂದ ಕಿತ್ತ ಎರಡೆಲೆ ಒಂದು ಕುಡಿ ಅಲ್ಲಿ ಕಂಡೀತು. ಒಂದು ಕಿಲೋ ಚಹಾಕ್ಕೆ ನಾಲ್ಕೈದು ಕಿಲೋ ಹಸಿರೆಲೆ ಬೇಕು. ಅದನ್ನು ಇಳಿಜಾರಿನಲ್ಲಿ ನಿಂತು ಕೀಳುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರ ದುಡಿಮೆಗಾದರೂ ಮೂರು ನಿಮಿಷದ ಗಮನ ಸಲ್ಲಬೇಡವೇ?

ಇದಕ್ಕಾಗಿ ಡಾರ್ಜಿಲಿಂಗ್ ಚಹಾವೇ ಆಗಬೇಕೆಂದಿಲ್ಲ. ನೆರೆಯ ನೀಲಗಿರಿಯ ಎಲೆ ಚಹಾ ಇದೆ. ನಮ್ಮ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲೂ ಚಹಾ ತೋಟಗಳಿವೆ. ಹಾಲಿನ ಚಹಾವನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಒಮ್ಮೆಯಾದರೂ ಚಹಾವನ್ನು ಚಹಾವಾಗಿಯೇ ಕುಡಿದು, ಆಮೇಲೆ ತೀರ್ಪು ಕೊಡಿ ಎಂದಷ್ಟೇ ನನ್ನ ಕೋರಿಕೆ.

ಪೊಟ್ಟಣ ತಂದುಕೊಟ್ಟ ಶಿಷ್ಯ ಇದನ್ನು ಓದುತ್ತಿದ್ದರೆ ಒಂದು ಮಾತು: ನೀನು ಹೇಳಿದ್ದೇ ಸರಿಯಪ್ಪಾ, ನಾನು ಆಡಿದ್ದು ತಪ್ಪು. ಮುಂದಿನ ಸಲ ಊರಿಗೆ ಬಂದಾಗ ಮನೆಗೆ ಬಾ. ಚಹಾ ನಾನೇ ಮಾಡಿಕೊಡುತ್ತೇನೆ, ಹಾಲಿಲ್ಲದೆ.