ತರುಣರ ಸಂಕೋಚ

ಹದಿನೆಂಟರಿಂದ ಇಪ್ಪತ್ತೈದರವರೆಗಿನ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಒಂದು ಮಾತು ಸಾಧಾರಣವಾಗಿ ಕೇಳಿಬರುತ್ತದೆ: “ಹುಡುಗ ಬುದ್ಧಿವಂತನೇನೋ ಹೌದು, ಆದರೆ ನಾಲ್ಕು ಜನರೆದುರಿಗೆ ಬಾಯಿ ಬಿಡಲಾರ.” ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನೇ ಗುಣವೆಂದೆಣಿಸಿ ಹಿರಿಯರು ಸಂತೋಷಪಡುವುದೂ ಉಂಟು, ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇನ್ನೊಂದು ತಿಂಗಳು ವಿಚಾರಿಸೋಣ. ಹುಡುಗನಾದರೋ ಸಂಕೋಚವು ಹೋದಮೇಲೆ ಉದ್ಯೋಗಕ್ಕೆ ಅರ್ಜಿ ಹಾಕುತ್ತೇನೆ, ಧೈರ್ಯ ಬಂದಮೇಲೆ ಪರಸ್ಥಳಕ್ಕೆ ಹೊರಡುತ್ತೇನೆ ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿಕೊಳ್ಳುತ್ತ ವರ್ಷಗಳನ್ನು ಕಳೆಯುತ್ತಾನೆ. ತಾಯಿತಂದೆಗಳು ಅವನನ್ನು ಮಾತುಗಾರಿಕೆ ಕಲಿಸುವ ತರಗತಿಗೆ ಸೇರಿಸುತ್ತಾರೆ. ಇಂಥ ತರಗತಿಗಳಿಗೆ ನಮ್ಮ ಪಟ್ಟಣಗಳಲ್ಲಿ ಈಗ ಕೊರತೆಯಿಲ್ಲ. ಅವುಗಳ ಶುಲ್ಕವೂ ಸ್ವಲ್ಪವೇನಲ್ಲ.

ಸಂಕೋಚವು ಮೊದಲು ಹೋಗತಕ್ಕದ್ದು, ಕಾರ್ಯವು ಆಮೇಲೆ ಬರತಕ್ಕದ್ದು ಎಂಬ ಈ ಕ್ರಮವು ಅನುಭವಕ್ಕೆ ಒಪ್ಪುವುದಿಲ್ಲವೆಂದು ನಮ್ಮ ಅಭಿಪ್ರಾಯ. ನಿದರ್ಶನಕ್ಕಾಗಿ ದೂರ ಹುಡುಕಬೇಕಾದುದಿಲ್ಲ. 1924ನೆಯ ಇಸವಿಯ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ಸಿನ ಮಹಾಸಭೆಗೆ ಅಧ್ಯಕ್ಷರಾಗಿದ್ದವರು ಗಾಂಧಿಯವರು. ಅವರು ಆ ಪೀಠವನ್ನೇರಿದ್ದು ಅದೊಂದೇ ಸಲ. ಅವರ ಮಾತನ್ನು ಕೇಳಲು ನೆರೆದಿದ್ದ ಆ ಜನಸಮೂಹದಲ್ಲಿ, ಇದೇ ಮನುಷ್ಯನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬೊಂಬಾಯಿಯ ಸಣ್ಣ ನ್ಯಾಯಾಲಯವೊಂದರಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಾರದೆ ಕುಳಿತುಬಿಟ್ಟಿದ್ದನೆಂಬುದನ್ನು ನೆನೆದವರು ಬಹಳ ಮಂದಿ ಇದ್ದಿರಲಾರರು. ಆ ಕಾಲದ ಸಂಗತಿಗಳನ್ನೆಲ್ಲ ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆಗ ಅವರಿನ್ನೂ ಮಹಾತ್ಮರಾಗಿರಲಿಲ್ಲವಾದ ಕಾರಣ, ನಮ್ಮ ನಿಮ್ಮ ಮನೆಯ ಹುಡುಗನನ್ನು ಕರೆಯುವಂತೆ ಮೋಹನದಾಸನೆಂದೇ ಕರೆದರೆ ದೋಷವಿಲ್ಲ.

1888ರಲ್ಲಿ ಮೋಹನದಾಸನು ಬ್ಯಾರಿಸ್ಟರ್ ಪರೀಕ್ಷೆಗಾಗಿ ಇಂಗ್ಲೆಂಡಿಗೆ ಹೊರಟಾಗ ಅವನಿಗೆ ಹತ್ತೊಂಬತ್ತು ತುಂಬಿರಲಿಲ್ಲ. ರಾಜಕೋಟೆಯಿಂದ ವಿಲಾಯತಿಗೆ ಹೋಗುವವರು ಆಗ ಅಪರೂಪ. ಆದುದರಿಂದ ಅವನು ಓದಿದ ಹೈಸ್ಕೂಲಿನವರು ಬೀಳ್ಕೊಡುಗೆಯ ಸಭೆಯನ್ನೇರ್ಪಡಿಸಿದರು. ಕೃತಜ್ಞತೆಯ ನಾಲ್ಕು ಮಾತುಗಳನ್ನು ಕಾಗದದಲ್ಲಿ ಬರೆದುಕೊಂಡೇ ಹೋಗಿದ್ದನು. ಎದ್ದು ನಿಂತೊಡನೆ ತಲೆ ತಿರುಗಿತು, ಮೈಯೆಲ್ಲ ನಡುಗಿತು. ಬರೆದದ್ದನ್ನು ಓದುವುದೂ ತೊದಲಾಯಿತು. ಇದಾದ ಸ್ವಲ್ಪ ಕಾಲದಲ್ಲಿಯೇ ಬೊಂಬಾಯಿಯಲ್ಲಿ ಅವನ ಜಾತಿಯವರು ಪಂಚಾಯಿತಿ ಸೇರಿಸಿ, ಸಮುದ್ರಯಾನ ಮಾಡಕೂಡದೆಂದು ಆಜ್ಞಾಪಿಸಿದರು. ಯಜಮಾನರಾದ ಶೇಠರು ಅವನ ತಂದೆಗೆ ಪರಿಚಿತರು, ಬಂಧುವೂ ಹೌದು. ಸಭೆ ತುಂಬ ಹಿರಿಯರು. ಆದರೆ ಇಲ್ಲಿ ಹುಡುಗನು ತಡವರಿಸಲಿಲ್ಲ. ಮಾಂಸ, ಮದ್ಯ, ಪರಸ್ತ್ರೀಸಂಗ ಈ ಮೂರನ್ನೂ ಮುಟ್ಟುವುದಿಲ್ಲವೆಂದು ತಾಯಿಯ ಮುಂದೆ ಪ್ರತಿಜ್ಞೆ ಮಾಡಿರುವುದಾಗಿಯೂ, ಹೋಗುವ ನಿಶ್ಚಯವನ್ನು ಬದಲಿಸಲಾರೆನೆಂದೂ ಸ್ಪಷ್ಟವಾಗಿ ಉತ್ತರಕೊಟ್ಟನು. ಅವನಿಗೆ ಬಹಿಷ್ಕಾರವಾಯಿತು, ಅವನಿಗೆ ನೆರವಾದವರಿಗೂ, ಹಡಗುಕಟ್ಟೆಗೆ ಹೋಗಿ ಕಳುಹಿಸಿಬಂದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿದರು. ಸೆಪ್ಟೆಂಬರ್ 4ರಂದು ಹಡಗು ಹೊರಟಿತು, ಅವನೂ ಹೊರಟನು.

ಈ ಎರಡು ಸಭೆಗಳನ್ನು ವಾಚಕರು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ನಾಲಗೆ ಅದೇ, ಹುಡುಗನೂ ಅವನೇ. ಒಂದೆಡೆ ಎಲ್ಲರ ಕಣ್ಣೂ ತನ್ನ ಮೇಲಿದೆಯೆಂಬುದೊಂದೇ ಅವನ ಮನಸ್ಸಿನಲ್ಲಿತ್ತು. ಇನ್ನೊಂದೆಡೆ ಕೊಟ್ಟ ಮಾತೊಂದಿತ್ತು, ಹೋಗಬೇಕಾದ ಊರೊಂದಿತ್ತು.

ಇಷ್ಟು ಧೈರ್ಯ ತೋರಿದವನು ಹಡಗಿನಲ್ಲಿ ಸಿಂಹದಂತೆ ಓಡಾಡಿದನೆಂದು ಭಾವಿಸಬೇಡಿರಿ. ಇಂಗ್ಲಿಷಿನಲ್ಲಿ ಮಾತಾಡಲು ನಾಚಿಕೆ. ಚಾಕು ಮುಳ್ಳುಚಮಚಗಳ ಬಳಕೆ ತಿಳಿಯದು. ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲವೆಂದು ಕೇಳಲು ಬಾಯಿ ಬಾರದು. ಮನೆಯಿಂದ ತಂದ ಸಿಹಿತಿಂಡಿ ಹಣ್ಣುಗಳನ್ನು ತನ್ನ ಕೋಣೆಯಲ್ಲಿಯೇ ಕುಳಿತು ತಿಂದನು. ಲಂಡನ್ನಿಗೆ ಬಂದಮೇಲೆ ತಾನು ಬದಲಾಗಲೇಬೇಕೆಂದು ಸಂಕಲ್ಪಿಸಿ, ಆ ಬದಲಾವಣೆಯನ್ನು ಅಂಗಡಿಯಲ್ಲಿ ಕೊಳ್ಳಹೊರಟನು. ಹತ್ತೊಂಬತ್ತು ಷಿಲ್ಲಿಂಗಿನ ಎತ್ತರದ ಟೋಪಿ. ಬಾಂಡ್ ಬೀದಿಯಲ್ಲಿ ಹೊಲಿಸಿದ ಹತ್ತು ಪೌಂಡಿನ ಉಡುಪು. ನರ್ತನದ ಪಾಠಕ್ಕೆ ಮೂರು ಪೌಂಡು, ಪಿಟೀಲಿಗೆ ಇನ್ನೂ ಮೂರು. ಭಾಷಣಕಲೆಯನ್ನು ಕಲಿಸುವ ಗುರುವೊಬ್ಬನಿಗೂ ಶುಲ್ಕ ಸಂದಿತು. ನರ್ತನದಲ್ಲಿ ಹೆಜ್ಜೆ ತಾಳಕ್ಕೆ ಕೂಡಲಿಲ್ಲ. ಸುಮಾರು ಮೂರು ತಿಂಗಳಲ್ಲಿ ಈ ವ್ಯಾಮೋಹ ಇಳಿದು, ಪಾಠಗಳನ್ನು ಬಿಟ್ಟು ಪಿಟೀಲನ್ನು ಮಾರಿದನು. ಕಲಿಯುವುದು ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಆದರೆ ಹೇಳಬೇಕಾದ ವಿಷಯವಾವುದೂ ಇಲ್ಲದವನಿಗೆ ಹೇಳುವ ರೀತಿಯನ್ನು ಕಲಿಸಿದರೆ ಅದು ಎಷ್ಟು ದಿನ ಉಳಿದೀತು?

ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಸಮಿತಿಗೆ ಅವನು ಸದಸ್ಯನಾಗಿದ್ದನು. ಪ್ರತಿಯೊಂದು ಸಭೆಗೂ ತಪ್ಪದೆ ಹೋಗುವನು, ಮಾತಾಡದೆ ಹಿಂದಿರುಗುವನು. ಒಬ್ಬ ವೈದ್ಯರನ್ನು ಅವರ ಅಭಿಪ್ರಾಯಕ್ಕಾಗಿ ಸಂಘದಿಂದ ತೆಗೆಯಬೇಕೆಂಬ ಪ್ರಶ್ನೆ ಬಂದಾಗ, ಆ ಅಭಿಪ್ರಾಯವು ತನಗೆ ಒಪ್ಪಿಗೆಯಿಲ್ಲದಿದ್ದರೂ ತೆಗೆಯುವುದು ಅನ್ಯಾಯವೆಂದು ತೋರಿ, ತನ್ನ ವಾದವನ್ನು ಬರೆದುಕೊಂಡು ಹೋದನು. ಓದಲು ಧೈರ್ಯ ಸಾಲದೆ ಬೇರೊಬ್ಬರಿಂದ ಓದಿಸಬೇಕಾಯಿತು. 1891ರಲ್ಲಿ ಸ್ವದೇಶಕ್ಕೆ ಹೊರಡುವ ಮುನ್ನ ಸ್ನೇಹಿತರಿಗೆ ಔತಣವಿತ್ತು, ಹಾಸ್ಯದ ಕಥೆಯೊಂದನ್ನು ಹೇಳಿ ನಗಿಸಬೇಕೆಂದು ಸಿದ್ಧನಾಗಿದ್ದನು. ಮೊದಲನೆಯ ವಾಕ್ಯವಾದೊಡನೆ ಮುಂದಿನದು ಮರೆತು, ವಂದನೆ ಹೇಳಿ ಕುಳಿತುಬಿಟ್ಟನು. ಬೊಂಬಾಯಿಯ ನ್ಯಾಯಾಲಯದ ಕಥೆಯೂ ಇಂಥದೇ. ಮೂವತ್ತು ರೂಪಾಯಿಯ ಮೊದಲನೆಯ ಮೊಕದ್ದಮೆ. ಸಾಕ್ಷಿಯನ್ನು ಪಾಟೀಸವಾಲು ಮಾಡಲೆಂದು ಎದ್ದವನಿಗೆ ನ್ಯಾಯಾಲಯವೇ ಸುತ್ತಿದಂತಾಯಿತು. ಹಣವನ್ನು ಹಿಂದಕ್ಕೆ ಕೊಟ್ಟು, ಬೇರೆ ವಕೀಲರನ್ನು ಗೊತ್ತುಮಾಡಿಕೊಳ್ಳಲು ಹೇಳಿ ಹೊರಟುಹೋದನು. ಎಪ್ಪತ್ತೈದು ರೂಪಾಯಿ ಸಂಬಳದ ಇಂಗ್ಲಿಷ್ ಉಪಾಧ್ಯಾಯನ ಕೆಲಸಕ್ಕೆ ಹೋದರೆ, ಪದವೀಧರನಲ್ಲವೆಂದು ಅದೂ ದೊರೆಯಲಿಲ್ಲ. ಇಂಥ ಮಗನು ಮನೆಗೆ ಮರಳಿದಾಗ, ಸಾಲಮಾಡಿ ಓದಿಸಿದ ಅಣ್ಣನ ಮನಸ್ಸು ಹೇಗಿದ್ದಿರಬೇಕೆಂಬುದನ್ನು ಗೃಹಸ್ಥರಾದ ವಾಚಕರಿಗೆ ನಾವು ಹೇಳಬೇಕೆ?

1893ರಲ್ಲಿ ದಕ್ಷಿಣ ಆಫ್ರಿಕದ ದಾದಾ ಅಬ್ದುಲ್ಲಾ ಎಂಬ ವರ್ತಕರ ಸಂಸ್ಥೆಯಿಂದ, ಒಂದು ವರ್ಷದ ಕೆಲಸಕ್ಕೆ ಹೋಗಿಬರುವ ಖರ್ಚಲ್ಲದೆ ನೂರೈದು ಪೌಂಡು ಕೊಡುವುದಾಗಿ ಕರೆ ಬಂದಿತು. ಬ್ಯಾರಿಸ್ಟರಿಗೆ ತಕ್ಕ ಕೆಲಸವೇನಲ್ಲ. ಗುಮಾಸ್ತೆಗಿಂತ ಸ್ವಲ್ಪ ಮೇಲು. ಆದರೂ ಒಪ್ಪಿಕೊಂಡನು. ಅಲ್ಲಿ ಮೊಕದ್ದಮೆಯ ಕಾಗದಪತ್ರಗಳನ್ನು ನೋಡಿದರೆ ಎಲ್ಲವೂ ಜಮಾಖರ್ಚಿನ ಲೆಕ್ಕ. ಪದೇ ಪದೇ ಬರುವ ‘ಪಿ. ನೋಟು’ ಎಂಬ ಮಾತಿಗೆ ನಿಘಂಟಿನಲ್ಲಿ ಅರ್ಥವಿಲ್ಲ. ಕೊನೆಗೆ ಗುಮಾಸ್ತೆಯನ್ನೇ ಕೇಳಿ, ಅದು ಪ್ರಾಮಿಸರಿ ನೋಟೆಂದು ತಿಳಿದುಕೊಂಡು, ಲೆಕ್ಕಶಾಸ್ತ್ರದ ಪುಸ್ತಕವೊಂದನ್ನು ಕೊಂಡು ಓದಿದನು. ಸಭೆಯಲ್ಲಿ ಮಾಡಿದ ಭಾಷಣಕ್ಕಿಂತ ಗುಮಾಸ್ತೆಯನ್ನು ಕೇಳಿದ ಈ ಪ್ರಶ್ನೆಯೇ ದೊಡ್ಡದೆಂದು ನಮಗೆ ತೋರುತ್ತದೆ. ವಿಲಾಯತಿಯಲ್ಲಿ ಓದಿದ ಬ್ಯಾರಿಸ್ಟರು “ಇದು ನನಗೆ ಗೊತ್ತಿಲ್ಲ” ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ.

ಅದೇ ವರ್ಷ ಜೂನ್ 7ರ ರಾತ್ರಿ, ಮೊದಲನೆಯ ತರಗತಿಯ ಟಿಕೇಟಿದ್ದರೂ ಬಣ್ಣದ ಕಾರಣದಿಂದ ಪೀಟರ್‌ಮಾರಿಟ್ಸ್‌ಬರ್ಗಿನ ನಿಲ್ದಾಣದಲ್ಲಿ ಅವನನ್ನು ರೈಲಿನಿಂದ ನೂಕಿಬಿಟ್ಟ ಸಂಗತಿಯು ಲೋಕಪ್ರಸಿದ್ಧವಾಗಿದೆ. ಆದರೆ ಒಂದು ಸಣ್ಣ ವಿಷಯವನ್ನು ಜನ ಗಮನಿಸುವುದಿಲ್ಲ. ಚಳಿ ಕಠಿನವಾಗಿತ್ತು, ಅವನ ದೊಡ್ಡ ಕೋಟು ರೈಲಿನವರು ತೆಗೆದಿರಿಸಿದ್ದ ಸಾಮಾನಿನಲ್ಲಿತ್ತು, ಕೇಳಿದರೆ ಮತ್ತೆ ಅವಮಾನ ಮಾಡಿಯಾರೆಂದು ಕೇಳದೆ ರಾತ್ರಿಯೆಲ್ಲ ನಡುಗುತ್ತ ಕುಳಿತನು. ಕೋಟನ್ನು ಕೇಳಲಾರದವನೇ ಆ ರಾತ್ರಿ, ಊರಿಗೆ ಹಿಂದಿರುಗುವುದು ಹೇಡಿತನವೆಂದು ನಿಶ್ಚಯಿಸಿ ಪ್ರಿಟೋರಿಯಕ್ಕೆ ಪ್ರಯಾಣ ಮುಂದುವರಿಸಿದನು. ಸಂಕೋಚವೂ ದೃಢತೆಯೂ ಒಂದೇ ದೇಹದಲ್ಲಿ ಒಂದೇ ರಾತ್ರಿ ಇರಬಲ್ಲವು.

ಪ್ರಿಟೋರಿಯವನ್ನು ಸೇರಿದ ಕೆಲವೇ ದಿನಗಳಲ್ಲಿ ಅಲ್ಲಿದ್ದ ಭಾರತೀಯರ ಸಭೆಯನ್ನು ಕರೆಯಿಸಿದನು. ಅವನ ಜೀವಮಾನದ ಮೊದಲನೆಯ ಸಾರ್ವಜನಿಕ ಭಾಷಣವೆನ್ನಬಹುದಾದದ್ದು ನಡೆದುದು ಅಲ್ಲಿ, ವರ್ತಕರೊಬ್ಬರ ಮನೆಯಲ್ಲಿ. ವ್ಯಾಪಾರದಲ್ಲಿ ಸತ್ಯವನ್ನು ನಡೆಸುವುದು ಹೇಗೆಂಬುದು ವಿಷಯ. ಶುಚಿತ್ವದ ಮಾತೂ, ಜಾತಿಮತಗಳ ಭೇದವನ್ನು ಬಿಟ್ಟು ಕೂಡಿರಬೇಕೆಂಬ ಮಾತೂ ಬಂದವು. ಈ ಸಲ ನಾಲಗೆ ತಡೆಯಲಿಲ್ಲ. ನಿಲ್ಲಿಸಿ ಅಷ್ಟಕ್ಕೇ ಬಿಡದೆ, ಇಂಗ್ಲಿಷ್ ಕಲಿಯಬೇಕೆಂದಿರುವವರಿಗೆ ತಾನೇ ಪಾಠ ಹೇಳುವೆನೆಂದನು. ಮೂವರು ಒಪ್ಪಿದರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತೆ, ಒಬ್ಬ ಚಿಲ್ಲರೆ ಅಂಗಡಿಯವನು. ಶಿಷ್ಯರು ಗುರುವಿನ ಮನೆಗೆ ಬರಲಿಲ್ಲ. ಗುರುವೇ ಅವರವರ ಅಂಗಡಿಗೆ ಹೋದನು. ಹೋದಾಗ ಗಿರಾಕಿಗಳಿದ್ದರೆ ಕಾದನು. ಸುಮಾರು ಎಂಟು ತಿಂಗಳು ಹೀಗೆ ನಡೆಯಿತು. ಬಾಂಡ್ ಬೀದಿಯ ಉಡುಪಾಗಲಿ ಭಾಷಣಗುರುವಾಗಲಿ ಮಾಡಲಾರದುದನ್ನು, ಗಿರಾಕಿಯೊಡನೆ ಮಾತಾಡುವಷ್ಟು ಇಂಗ್ಲಿಷ್ ಸಾಕೆಂದಿದ್ದ ಆ ಕ್ಷೌರಿಕನು ಮಾಡಿದನು. ನಲವತ್ತು ಸಾವಿರ ಪೌಂಡಿನ ಆ ಮೊಕದ್ದಮೆಯನ್ನು ಪಂಚಾಯಿತಿಗೆ ಒಪ್ಪಿಸುವಂತೆ ಉಭಯಪಕ್ಷದವರನ್ನೂ ಒಡಂಬಡಿಸಿದವನು, ಸಾಕ್ಷಿಗೆ ಒಂದು ಪ್ರಶ್ನೆ ಹಾಕಲಾರದೆ ಓಡಿಹೋಗಿದ್ದ ಮೋಹನದಾಸನೇ.

ಇನ್ನು ಮುಂದಿನದು ಇತಿಹಾಸದ ಪುಸ್ತಕಗಳಲ್ಲಿದೆ. 1894ರ ಆಗಸ್ಟ್ 22ರಂದು ನೇಟಾಲ್ ಇಂಡಿಯನ್ ಕಾಂಗ್ರೆಸ್ಸನ್ನು ಸ್ಥಾಪಿಸಿದಾಗ ಅವರಿಗೆ ಇಪ್ಪತ್ನಾಲ್ಕು ವರ್ಷ. ಸಂಕೋಚವು ಪೂರ್ತಿಯಾಗಿ ಬಿಟ್ಟುಹೋಯಿತೆಂದು ಅವರು ಎಲ್ಲಿಯೂ ಬರೆದಿಲ್ಲ. ಅಪರಿಚಿತರ ಸಭೆಯಲ್ಲಿ ಹಿಂಜರಿಕೆಯು ಆಮೇಲೆಯೂ ಇತ್ತು; ಮಾತನ್ನು ಅಳೆದು ಆಡುವ ಅಭ್ಯಾಸವು ತಮಗೆ ಅದರಿಂದಲೇ ಬಂದಿತೆಂದು ಅದಕ್ಕೆ ಕೃತಜ್ಞತೆಯನ್ನೂ ಸೂಚಿಸಿದ್ದಾರೆ. ಆದುದರಿಂದ ಮಿತಭಾಷಿಯಾದ ಮಗನನ್ನು ವಾಚಾಳಿಯನ್ನಾಗಿ ಮಾಡಲು ಯಾರೂ ಶ್ರಮಪಡಬೇಕಾದುದಿಲ್ಲ.

ಗೃಹಸ್ಥರು ಮಾಡಬಹುದಾದುದು ಇಷ್ಟು. ಮನೆಗೆ ಬಂದವರೆದುರಿಗೆ ಮಗನನ್ನೋ ಮಗಳನ್ನೋ ನಿಲ್ಲಿಸಿ “ನಾಲ್ಕು ಮಾತಾಡು” ಎಂದು ಪೀಡಿಸುವುದನ್ನು ಬಿಡಬೇಕು. “ನಮ್ಮವನಿಗೆ ಬಹಳ ನಾಚಿಕೆ” ಎಂದು ಅವನ ಕಿವಿಗೆ ಬೀಳುವಂತೆ ಹೇಳುವುದನ್ನಂತೂ ಬಿಡಲೇಬೇಕು. ಹತ್ತು ವರ್ಷ ಆ ಮಾತನ್ನು ಕೇಳಿದವನು ಅದನ್ನೇ ತನ್ನ ಹೆಸರೆಂದು ತಿಳಿದಾನು. ಅದರ ಬದಲು ಇನ್ನೊಬ್ಬರಿಗೆ ನಿಜವಾಗಿ ಬೇಕಾದ ಕೆಲಸವೊಂದನ್ನು ಒಪ್ಪಿಸಿರಿ. ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ವೈದ್ಯರಿಗೆ ಎಲ್ಲವನ್ನೂ ವಿವರಿಸುವುದು. ಜಮೀನಿನ ಖಾತೆಗಾಗಿ ಕಚೇರಿಗೆ ಅಲೆಯುವುದು. ತಂಗಿಯ ಮದುವೆಯ ಛತ್ರದವರೊಡನೆ ಲೆಕ್ಕ ಗೊತ್ತುಮಾಡುವುದು. ನೆರೆಮನೆಯ ಮಗುವಿಗೆ ಗಣಿತ ಹೇಳಿಕೊಡುವುದು. ಕೆಲಸ ಕೆಟ್ಟರೆ ನಷ್ಟವಾಗುವಂಥದೇ ಇರಲಿ, ಉಪಚಾರದ್ದು ಬೇಡ. ಮೊದಲನೆಯ ದಿನ ಅವನು ಅರ್ಧ ವಿಷಯವನ್ನು ಕೇಳಲು ನಾಚಿ ಹಿಂದಿರುಗಬಹುದು. ಉಳಿದರ್ಧಕ್ಕೆ ಮಾರನೆಯ ದಿನವೂ ಅವನನ್ನೇ ಕಳುಹಿಸಿರಿ. ತಂದೆಯು ಚಪ್ಪಲಿ ಮೆಟ್ಟಿಕೊಂಡು ತಾನೇ ಹೊರಡಕೂಡದು.