ಮದರಂಗಿಯ ಕೈಗೊಂದು ಚಿತ್ರ ದಿನಚರಿ

ಮದುವೆಯ ಮುನ್ನಾದಿನ ಮದುಮಗಳ ಕೈ ಹಿಡಿದು ಮದರಂಗಿ ಹಾಕಲು ಕುಳಿತ ಹುಡುಗಿಯನ್ನು ನೀವು ನೋಡಿಯೇ ಇರುತ್ತೀರಿ. ಮಣಿಕಟ್ಟಿನಿಂದ ಹೊರಟ ಬಳ್ಳಿ ಅಂಗೈ ದಾಟಿ ಬೆರಳ ತುದಿಯವರೆಗೆ ಒಂದೇ ಓಟದಲ್ಲಿ ಹಬ್ಬುತ್ತದೆ. ಕೋನಿನ ತುದಿ ತಡವರಿಸುವುದಿಲ್ಲ. ಅವಳ ಬಳಿ ಅಳಿಸುವ ರಬ್ಬರ್ ಇಲ್ಲ, ಅಡಿಕೋಲು ಇಲ್ಲ, ಎಷ್ಟೋ ಸಲ ಎದುರಿಗೆ ಮಾದರಿಯೂ ಇರುವುದಿಲ್ಲ. ಅದೇ ಹುಡುಗಿಯ ಮುಂದೆ ಒಂದು ಬಿಳಿ ಹಾಳೆ ಇಟ್ಟು ಏನಾದರೂ ಬಿಡಿಸು ಎನ್ನಿ. "ನನಗೆ ಚಿತ್ರ ಗಿತ್ರ ಬರುವುದಿಲ್ಲ" ಎಂದು ಎದ್ದು ಹೋಗುತ್ತಾಳೆ.

ಹೈಸ್ಕೂಲಿನ ತನಕ ಡ್ರಾಯಿಂಗ್ ಪುಸ್ತಕ ಹಿಡಿದಿದ್ದ ನಮ್ಮ ಹೆಣ್ಣುಮಕ್ಕಳು ಆಮೇಲೆ ಅದನ್ನು ಅಟ್ಟಕ್ಕೆ ಹಾಕುತ್ತಾರೆ. ಓದು, ಮದುವೆ, ಮಕ್ಕಳು, ಮನೆವಾರ್ತೆ. ಕೈಯ ಕಸುಬು ಮಾತ್ರ ಹೋಗುವುದಿಲ್ಲ. ಅದು ಮದರಂಗಿಯಲ್ಲಿ, ತಲೆದಿಂಬಿನ ಕಸೂತಿಯಲ್ಲಿ, ಹಬ್ಬದ ತಿಂಡಿಯ ಅಂಚಿನ ನೆರಿಗೆಯಲ್ಲಿ ಇಣುಕುತ್ತಲೇ ಇರುತ್ತದೆ. ಮದರಂಗಿ ಎರಡು ವಾರದಲ್ಲಿ ಮಾಸುತ್ತದೆ. ತಿಂಡಿ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಹಾಗಾಗಿ ನಮ್ಮ ಮನೆಗಳಲ್ಲಿ ಉಮ್ಮಂದಿರ, ಅಜ್ಜಿಯಂದಿರ ಕೈಚಳಕದಲ್ಲಿ ಉಳಿದು ಬಂದದ್ದು ಬಹಳ ಕಡಿಮೆ.

ಆದ್ದರಿಂದ ಈ ತಿಂಗಳು ನಿಮಗೊಂದು ಪುಸ್ತಕ ಮಾಡಿಕೊಳ್ಳಲು ಹೇಳುತ್ತಿದ್ದೇನೆ. ಆರ್ಟ್ ಜರ್ನಲ್ ಎಂಬ ಹೆಸರಿನಲ್ಲಿ ಇಂದು ಎಲ್ಲ ಕಡೆ ಕೇಳಿಬರುವ ಅದನ್ನು ನಾವು ಚಿತ್ರ ದಿನಚರಿ ಎನ್ನೋಣ. ಅರ್ಧ ಡೈರಿ, ಅರ್ಧ ಡ್ರಾಯಿಂಗ್ ಪುಸ್ತಕ. ಒಂದು ಪುಟದಲ್ಲಿ ಚಿತ್ರ, ಪಕ್ಕದಲ್ಲಿ ನಾಲ್ಕು ಸಾಲು ಬರಹ, ಮೂಲೆಯಲ್ಲಿ ಅಂಟಿಸಿದ ಬಸ್ ಟಿಕೆಟ್, ಒಣಗಿಸಿದ ಎಲೆ, ಮದುವೆ ಕಾಗದದ ಚಿನ್ನದ ಅಂಚು ಹೀಗೆ ಏನೂ ಇರಬಹುದು. ಗೋಡೆಗೆ ತೂಗುಹಾಕುವ ಅಗತ್ಯವಿಲ್ಲ, ಸ್ಪರ್ಧೆಗೆ ಕಳುಹಿಸುವ ಅಗತ್ಯವೂ ಇಲ್ಲ.

ಇದು ಈಗಿನವರ ಶೋಕಿ ಎಂದು ಮೂಗು ಮುರಿಯಬೇಡಿ. ಮೊಗಲ್ ದೊರೆ ಜಹಾಂಗೀರ್ ತಾನು ಕಂಡ ಹೂವು, ಹಣ್ಣು, ಹಕ್ಕಿಗಳ ವಿವರಗಳನ್ನು ತನ್ನ ಆತ್ಮಕಥನದಲ್ಲಿ ಬರೆದಿಟ್ಟ. 1620ರಲ್ಲಿ ಕಾಶ್ಮೀರಕ್ಕೆ ಹೋದಾಗ ಆಸ್ಥಾನದ ಕಲಾವಿದ ಉಸ್ತಾದ್ ಮನ್ಸೂರ್ ಅಲ್ಲಿಯ ನೂರಕ್ಕೂ ಹೆಚ್ಚು ಹೂಗಳನ್ನು ಚಿತ್ರಿಸಿದನೆಂದೂ ಅದರಲ್ಲಿದೆ. ಬಾದಶಹನಿಗೆ ಮನ್ಸೂರ್ ಇದ್ದ. ನಮಗೆ ನಾವೇ ಆಗಬೇಕು, ಅಷ್ಟೇ ವ್ಯತ್ಯಾಸ.

ನಮ್ಮ ಉಡುಪಿಯ ಮಣ್ಣಿನಲ್ಲೂ ಇದಕ್ಕೆ ಗುರುಗಳಿದ್ದಾರೆ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ದೇಶದ ದೊಡ್ಡ ಚಿತ್ರಕಾರರಲ್ಲಿ ಒಬ್ಬರಾದರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು. ತೈಲಚಿತ್ರಗಳಷ್ಟೇ ಹೆಸರು ಅವರ ರೇಖಾಚಿತ್ರಗಳಿಗೂ ಇದೆ. ಬರೇ ನಾಲ್ಕೈದು ಗೆರೆ, ಅಷ್ಟರಲ್ಲೇ ಕುಣಿತ ಕಾಣುತ್ತದೆ. ಆ ಗೆರೆಯ ಲಯ ಕೈಗೆ ಹತ್ತಬೇಕೆಂದು ಅವರು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದ್ದರು. ನೀವು ಕಥಕ್ ಕಲಿಯಬೇಕಾಗಿಲ್ಲ. ಕೋನ್ ಹಿಡಿದ ಕೈಗೆ ಲಯ ಆಗಲೇ ಇದೆ.

ಇನ್ನು ಸಾಮಾನಿನ ವಿಷಯ. ಅಂಗಡಿಗೆ ಹೋದರೆ ಅಥವಾ ಮೊಬೈಲಿನಲ್ಲಿ ಹುಡುಕಿದರೆ ಎಪ್ಪತ್ತೆರಡು ಬಣ್ಣದ ಪೆಟ್ಟಿಗೆ, ಬಗೆಬಗೆಯ ಸ್ಟಿಕ್ಕರ್, ಅಲಂಕಾರದ ಟೇಪು ಕಣ್ಣಿಗೆ ಬೀಳುತ್ತವೆ. ಅವನ್ನು ಅಲ್ಲೇ ಬಿಡಿ. ನೀವು ಹಣ ಹಾಕಬೇಕಾದದ್ದು ಹಾಳೆಗೆ. ಹಾಳೆಯ ದಪ್ಪವನ್ನು ಜಿಎಸ್‌ಎಂ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದು. ಮಕ್ಕಳ ನೋಟ್ ಪುಸ್ತಕದ ಹಾಳೆ ಸಾಮಾನ್ಯವಾಗಿ 60ರ ಆಸುಪಾಸು, ಜೆರಾಕ್ಸ್ ಹಾಳೆ 70ರಿಂದ 80. ಇವುಗಳಿಗೆ ನೀರುಬಣ್ಣ ಮುಟ್ಟಿಸಿದರೆ ಹಪ್ಪಳದಂತೆ ಸುರುಟುತ್ತವೆ, ಹಿಂದಿನ ಪುಟಕ್ಕೂ ಇಳಿಯುತ್ತವೆ. ಪೆನ್ಸಿಲ್ಲು, ಪೆನ್ನು ಸಾಕು ಎನ್ನುವವರಿಗೆ 120 ಜಿಎಸ್‌ಎಂ ಆಗುತ್ತದೆ. ಸ್ವಲ್ಪ ಬಣ್ಣವೂ ಬೇಕು ಎಂದಾದರೆ 150ರಿಂದ 200. ನೀರು ಧಾರಾಳವಾಗಿ ಬಳಸುವವರಿಗೆ ಮಾತ್ರ 300ರದ್ದು. ಮಣಿಪಾಲದಲ್ಲಿ ವಾಸ್ತುಶಿಲ್ಪ ಕಲಿಯುವ ವಿದ್ಯಾರ್ಥಿಗಳು ಇರುವುದರಿಂದ ಅಲ್ಲಿಯ ಸ್ಟೇಷನರಿ ಅಂಗಡಿಗಳಲ್ಲಿ ದಪ್ಪ ಹಾಳೆಯ ಸ್ಕೆಚ್ ಪುಸ್ತಕ ಕೇಳಿ ನೋಡಿ. ಕಾಪು, ಕಾರ್ಕಳದ ಪೇಟೆಯಲ್ಲಿ ಸಿಗದಿದ್ದರೆ ಬಿಡಿ ಡ್ರಾಯಿಂಗ್ ಹಾಳೆ ಕೊಂಡು, ಮಡಚಿ, ನಡುವೆ ದಪ್ಪ ನೂಲಿನಿಂದ ಹೊಲಿದುಬಿಡಿ. ಹೊಲಿಗೆ ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಳೆಯ ಚೂಡಿದಾರದ ಬಟ್ಟೆಯನ್ನು ರಟ್ಟಿಗೆ ಅಂಟಿಸಿದರೆ ಹೊದಿಕೆಯೂ ಆಯಿತು. ಅಂಗೈಗಿಂತ ಸ್ವಲ್ಪ ದೊಡ್ಡ ಪುಸ್ತಕ ಸಾಕು. ದೊಡ್ಡ ಪುಟ ನೋಡಿದರೆ ತುಂಬಿಸುವುದು ಹೇಗೆಂಬ ಹೆದರಿಕೆಯೇ ಹೆಚ್ಚು.

ಪೆನ್ಸಿಲ್ ಎರಡು, ಒಂದು ಎಚ್‌ಬಿ, ಇನ್ನೊಂದು ಮೆತ್ತಗಿನ 4ಬಿ. ಪೆನ್ನಿನಲ್ಲಿ ಜಾಗ್ರತೆ ಬೇಕು. ಜೆಲ್ ಪೆನ್ನಿನ ಶಾಯಿ ಹೆಚ್ಚಾಗಿ ನೀರು ತಾಗಿದರೆ ಹರಡುತ್ತದೆ. ಮೇಲೆ ಬಣ್ಣ ಹಾಕುವುದಾದರೆ ವಾಟರ್‌ಪ್ರೂಫ್ ಎಂದು ಬರೆದಿರುವ 0.3 ಅಥವಾ 0.5ರ ಡ್ರಾಯಿಂಗ್ ಪೆನ್ ಕೊಳ್ಳಿ. ಸಾದಾ ಬಾಲ್ ಪೆನ್ನಿನ ಶಾಯಿ ಎಣ್ಣೆಯದ್ದು, ಅಷ್ಟು ಸುಲಭವಾಗಿ ಹರಡದು, ಅದೂ ನಡೆಯುತ್ತದೆ. ಮಕ್ಕಳ ಕ್ಯಾಮೆಲ್ ನೀರುಬಣ್ಣದ ಹನ್ನೆರಡು ಬಿಲ್ಲೆಯ ಡಬ್ಬ ಒಂದು, ಬಿಳಿ ಪೋಸ್ಟರ್ ಬಣ್ಣದ ಬಾಟಲಿ ಒಂದು. ಅಂಟಿಸಲು ಗೋಂದು ಬೇಡ, ಅದರ ತೇವಕ್ಕೆ ಹಾಳೆ ಉಬ್ಬುತ್ತದೆ. ಗ್ಲೂ ಸ್ಟಿಕ್ ಒಳ್ಳೆಯದು. ಎಲ್ಲ ಸೇರಿ ಐನೂರು ರೂಪಾಯಿ ದಾಟಬೇಕಾಗಿಲ್ಲ. ಅಡುಗೆಮನೆಯ ಅರಶಿನ, ಬೀಟ್‌ರೂಟ್, ಪುನರ್ಪುಳಿ ರಸಗಳಿಂದ ಬಣ್ಣ ಹಚ್ಚಬಹುದು, ಮಕ್ಕಳಿಗೆ ಅದೊಂದು ಖುಷಿ. ಆದರೆ ಅರಶಿನ ಬೆಳಕಿಗೆ ಮಾಸುತ್ತದೆ, ಸಾಬೂನು ತಾಗಿದರೆ ಕೆಂಪಾಗುತ್ತದೆ. ಚಹಾದ ಡಿಕಾಕ್ಷನ್ ಅದಕ್ಕಿಂತ ಎಷ್ಟೋ ನಂಬಿಗಸ್ಥ.

ಬ್ರಶ್ ಕೊಳ್ಳುವಾಗ ನಾವು ವಿಶೇಷವಾಗಿ ನೋಡಬೇಕಾದದ್ದೊಂದಿದೆ. ತೈಲವರ್ಣಕ್ಕೆ ಬಳಸುವ ಬಿರುಸು ಕೂದಲಿನ ಬ್ರಶ್ಶುಗಳು ಬಹುಪಾಲು ಹಂದಿಯ ಕೂದಲಿನವು. ಹಾಗ್ ಅಥವಾ ಬ್ರಿಸಲ್ ಎಂದು ಬರೆದಿದ್ದರೆ ಅದೇ. ಸಿಂಥೆಟಿಕ್ ಎಂದು ಬರೆದಿರುವುದು ನೈಲಾನಿನದ್ದು. ನೀರುಬಣ್ಣಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ, ಬೆಲೆಯೂ ಕಡಿಮೆ. ದುಂಡು ತುದಿಯ 4 ಮತ್ತು 8ನೇ ನಂಬರಿನದ್ದು ತೆಗೆದುಕೊಳ್ಳಿ. ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿಡಬೇಡಿ, ತುದಿ ಬಾಗಿ ಹಾಳಾಗುತ್ತದೆ.

ಏನನ್ನು ಬಿಡಿಸುವುದು? ಈ ಪ್ರಶ್ನೆಯ ಹಿಂದೆ ನಮ್ಮ ಅನೇಕ ಸಹೋದರಿಯರಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ, ಚಿತ್ರ ಬಿಡಿಸಬಹುದೇ ಎಂದು. ಚಿತ್ರ ಮಾಡಿಯೇ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ವ್ಯಕ್ತಿ ಇಬ್ನು ಅಬ್ಬಾಸ್(ರ)ರ ಬಳಿ ಬಂದಾಗ, ಪ್ರವಾದಿ(ಸ)ಯವರ ಎಚ್ಚರಿಕೆಯನ್ನು ತಿಳಿಸಿ, ಮಾಡಲೇಬೇಕೆಂದಿದ್ದರೆ ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಚಿತ್ರಿಸು ಎಂದರೆಂದು ಸಹೀಹ್ ಬುಖಾರಿಯಲ್ಲಿದೆ. ಜೀವಿಗಳ ಚಿತ್ರದ ಬಗ್ಗೆ ವಿದ್ವಾಂಸರ ನಡುವೆ ವಿವರವಾದ ಚರ್ಚೆಯಿದೆ, ಅದಕ್ಕೆ ಈ ಪುಟ ಸಾಲದು. ಆದರೆ ಮರ, ಹೂವು, ಕಲ್ಲು, ಕಡಲು, ಪಾತ್ರೆಗಳ ದಾರಿ ತೆರೆದೇ ಇದೆ. ಆ ದಾರಿ ಕಿರಿದೂ ಅಲ್ಲ. ವಿಜಯಪುರದ ಇಬ್ರಾಹಿಂ ರೋಜಾದ ಕಿಟಕಿಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಅರಬಿ ಅಕ್ಷರಗಳೇ ಕಲ್ಲಿನ ಜಾಲರಿಯಾಗಿವೆ.

ಮಕ್ಕಳ ಜಾಮಿಟ್ರಿ ಬಾಕ್ಸಿನಿಂದ ಕೈವಾರ ತೆಗೆಯಿರಿ. ಒಂದು ವೃತ್ತ ಎಳೆಯಿರಿ. ಕೈವಾರದ ಅಗಲ ಬದಲಿಸದೆ ಮುಳ್ಳನ್ನು ವೃತ್ತದ ಗೆರೆಯ ಮೇಲಿಟ್ಟು ಒಂದು ಕಮಾನು ಎಳೆಯಿರಿ. ಕಮಾನು ಗೆರೆಯನ್ನು ಮುಟ್ಟಿದಲ್ಲಿ ಮತ್ತೆ ಮುಳ್ಳು ಊರಿ. ಹೀಗೆ ಸುತ್ತಿ ಬಂದರೆ ಸರಿಯಾಗಿ ಆರು ಹೆಜ್ಜೆಗೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ, ನಡುವೆ ಆರು ಎಸಳಿನ ಹೂವು ಅರಳಿರುತ್ತದೆ. ಮಸೀದಿಗಳ ಜಾಲರಿ, ಹೆಂಚುಗಳಲ್ಲಿ ಕಾಣುವ ಎಷ್ಟೋ ವಿನ್ಯಾಸಗಳಿಗೆ ಈ ಹೂವೇ ಬೇರು. (ಕುರ್‌ಆನ್ ಆಯತ್‌ಗಳನ್ನು ಬರೆಯುವ ಆಸೆಯಿದ್ದರೆ ಅದಕ್ಕೆ ಬೇರೆ ಪುಸ್ತಕ ಇಡಿ. ಈ ಪುಸ್ತಕ ಅಡುಗೆಮನೆ, ಹಾಸಿಗೆ, ಬಸ್ಸಿನ ಸೀಟು ಎಂದು ಎಲ್ಲೆಂದರಲ್ಲಿ ಬೀಳುವಂಥದ್ದು.)

ಊರಿನಲ್ಲೇ ಎಷ್ಟೊಂದಿದೆ ನೋಡಿ. ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭ ಒಂದು ಉದ್ದ ಗೆರೆ, ಕೆಳಗೆ ಒರಟು ಕಲ್ಲು. ಕಾರ್ಕಳದ ಕರಿಬಂಡೆಗಳು 4ಬಿ ಪೆನ್ಸಿಲಿಗೆಂದೇ ಇರುವಂತಿವೆ. ಮಟ್ಟುಗುಳ್ಳದ ತಿಳಿಹಸಿರು ಮೈಯ ಗೀಟುಗಳನ್ನು ಹೆಚ್ಚುವ ಮೊದಲು ಒಮ್ಮೆ ಬಿಡಿಸಿ. ಶಂಕರಪುರದ ಕಡೆಯ ಮನೆಗಳಲ್ಲಿ ಮಲ್ಲಿಗೆ ಕಟ್ಟುವ ಹೆಂಗಸರಿಗೆ ಲೆಕ್ಕ ಬಾಯಿಪಾಠ, 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವಿನ ದರ ದಿನಕ್ಕೊಂದು. ಪುಟದ ಮೇಲೆ ಒಂದು ಮೊಗ್ಗು ಬಿಡಿಸಿ ಕೆಳಗೆ ಆ ದಿನದ ದರ ಬರೆದಿಡಿ. ಹತ್ತು ವರ್ಷ ಕಳೆದ ಮೇಲೆ ನಿಮ್ಮ ಮೊಮ್ಮಕ್ಕಳು ಯಾವುದೇ ಪೇಪರಿಗಿಂತ ಆಸಕ್ತಿಯಿಂದ ಅದನ್ನು ಓದುತ್ತಾರೆ. ಇನ್ನು ಮದರಂಗಿ. ಪ್ರತಿ ಹಬ್ಬಕ್ಕೆ ಮಗಳ ಅಂಗೈಯನ್ನು ಪುಟದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಆ ಸಲ ಹಾಕಿದ ವಿನ್ಯಾಸವನ್ನು ಪೆನ್ನಿನಲ್ಲಿ ಅದರೊಳಗೆ ತುಂಬಿಸಿ ತಾರೀಕು ಹಾಕಿ. ಫೋಟೋ ಮೊಬೈಲಿನೊಂದಿಗೆ ಹೋದೀತು, ಇದು ಹೋಗದು. ಕೈ ಬೆಳೆದ ಲೆಕ್ಕವೂ ಸಿಗುತ್ತದೆ.

ಒಂದು ಮಾತು ಸ್ವಲ್ಪ ಮೆಲ್ಲಗೆ ಹೇಳಬೇಕು. ಡೈರಿ ಬರೆಯಬೇಕೆಂದು ಆಸೆಯಿದ್ದರೂ ನಮ್ಮಲ್ಲಿ ಅನೇಕರು ಬರೆಯುವುದಿಲ್ಲ, ಯಾರಾದರೂ ಓದಿಬಿಟ್ಟರೆ ಎಂಬ ಅಂಜಿಕೆ. ಕೂಡು ಕುಟುಂಬದಲ್ಲಿ ಬೀಗವಿರುವ ಕಪಾಟು ಎಲ್ಲರಿಗೂ ಇರುವುದಿಲ್ಲ. ಚಿತ್ರ ದಿನಚರಿಗೆ ಇಲ್ಲೊಂದು ಅನುಕೂಲವಿದೆ. ಮನಸ್ಸಿನಲ್ಲಿದ್ದದ್ದನ್ನೆಲ್ಲ ಮೆತ್ತಗಿನ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್ ಪೆನ್ನು ಬೇಡ, ಅದರ ಅಚ್ಚು ಹಿಂಬದಿಗೆ ಮೂಡುತ್ತದೆ. ಬರೆದಾದ ಮೇಲೆ ಪೋಸ್ಟರ್ ಬಣ್ಣವನ್ನು ದಪ್ಪಗೆ ಬಳಿಯಿರಿ. ನೀರುಬಣ್ಣ ಪಾರದರ್ಶಕ, ಅಕ್ಷರ ಕಾಣುತ್ತದೆ. ಪೋಸ್ಟರ್ ಬಣ್ಣ ಮುಚ್ಚುತ್ತದೆ. ಒಣಗಿದ ಮೇಲೆ ಅದರ ಮೇಲೊಂದು ಬಳ್ಳಿ ಬಿಡಿಸಿ. ನೋಡಿದವರಿಗೆ ಬಳ್ಳಿ, ಅಡಿಯಲ್ಲಿರುವುದು ನಿಮಗೆ ಮಾತ್ರ ಗೊತ್ತು. ಮನೆಯ ಇತರರಿಗೂ ಹೇಳುತ್ತೇನೆ, ಇನ್ನೊಬ್ಬರ ಗುಟ್ಟು ಕೆದಕಬೇಡಿ ಎಂಬ ಕುರ್‌ಆನಿನ ಆದೇಶ ಸೊಸೆಯ ಪುಸ್ತಕಕ್ಕೂ ಅನ್ವಯಿಸುತ್ತದೆ. ಹಾಗೆಂದು ಬಣ್ಣವೇ ಔಷಧಿಯಲ್ಲ. ಹೆರಿಗೆಯ ನಂತರವೋ, ಬೇರಾವುದೋ ಕಾರಣಕ್ಕೋ ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ ವೈದ್ಯರನ್ನು ಕಾಣಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಕರೆ ಮಾಡಿ ಮಾತನಾಡಬಹುದು.

ಸಮಯ ಎಲ್ಲಿದೆ ಎನ್ನುತ್ತೀರಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ಸೇರಿಹೋಯಿತು. ಆದರೆ 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಬಂದು ಕೊಂಡೊಯ್ಯುತ್ತಿದ್ದರು. ಅಸರ್ ನಮಾಝ್ ಮುಗಿಸಿ ಚಹಾಕ್ಕೆ ನೀರಿಡುವ ಹೊತ್ತಿಗೆ ಹತ್ತು ನಿಮಿಷ, ಅದೇ ನಿಮ್ಮ ಎರಡಾಣೆ. ತಪ್ಪಿದ ದಿನಕ್ಕೆ ದಂಡವಿಲ್ಲ.

ಮಳೆಗಾಲದ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಜೂನ್ ಬಂತೆಂದರೆ ಚಪ್ಪಲಿಗೂ ಬೂಷ್ಟು. ಬಣ್ಣ ಹಾಕಿದ ಪುಟ ಪೂರ್ತಿ ಒಣಗದೆ ಪುಸ್ತಕ ಮುಚ್ಚಿದರೆ ಎರಡು ಪುಟ ಅಂಟಿಕೊಂಡು ಬಿಡಿಸಲು ಬಾರದಂತಾಗುತ್ತವೆ. ಫ್ಯಾನಿನ ಕೆಳಗೆ ತೆರೆದಿಟ್ಟು, ಮುಟ್ಟಿದರೆ ತಂಪು ಹತ್ತದಷ್ಟು ಒಣಗಿದ ಮೇಲೆ ಮುಚ್ಚಿ. ಎಲೆ, ಹೂವು ಅಂಟಿಸುವುದಿದ್ದರೆ ಹಳೆಯ ಪೇಪರಿನ ನಡುವೆ ಹದಿನೈದು ದಿನ ಒತ್ತಿಟ್ಟು, ಗರಿಗರಿಯಾದ ಮೇಲೆಯೇ ಅಂಟಿಸಿ. ಹಸಿ ಇದ್ದರೆ ಹುಳ ಕರೆದಂತೆ. ಪುಸ್ತಕವನ್ನು ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಗಲ್ಫಿನಿಂದ ಬಂದ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬ ಯಾರ ಮನೆಯಲ್ಲಿಲ್ಲ ಹೇಳಿ? ಅದರಲ್ಲಿಟ್ಟು, ಹೊಸ ಶೂ, ಬ್ಯಾಗುಗಳ ಜತೆ ಬರುವ ಸಿಲಿಕಾ ಜೆಲ್‌ನ ಸಣ್ಣ ಪೊಟ್ಟಣಗಳನ್ನು ಬಿಸಾಡದೆ ನಾಲ್ಕೈದು ಹಾಕಿ. ಅವು ತೇವ ಹೀರುತ್ತವೆ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಬಿಸಿಲು ಬಿದ್ದ ದಿನ ಪುಟಗಳನ್ನು ಬಿಚ್ಚಿ ಗಾಳಿಗೆ ಇಡಿ, ನೇರ ಬಿಸಿಲಿಗೆ ಬೇಡ, ಬಣ್ಣ ಮಾಸುತ್ತದೆ.

ಪುಸ್ತಕ ಕೈಗೆ ಬಂದ ದಿನ ಮೊದಲ ಹಾಳೆಯಿಂದ ಆರಂಭಿಸಬೇಡಿ. ಅದನ್ನು ಖಾಲಿ ಬಿಟ್ಟು ಮೂರನೆಯದನ್ನು ತೆರೆಯಿರಿ. ಮೂಲೆಯಲ್ಲಿ ತಾರೀಕು ಹಾಕಿ, ಕಳೆದ ಮದುವೆಯಲ್ಲಿ ಯಾರದೋ ಕೈಗೆ ಹಾಕಿದ ಬಳ್ಳಿ ನೆನಪಿದೆಯಲ್ಲ, ಅದನ್ನು ಪೆನ್ಸಿಲ್ ಇಲ್ಲದೆ ನೇರ ಪೆನ್ನಿನಲ್ಲೇ ಎಳೆಯಿರಿ.