ಹತ್ತಿದ ಗೇರಿನಲ್ಲೇ ಇಳಿಯಬೇಕು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಿರಿಯರ ಬಾಯಲ್ಲಿ ಹಳೆಯ ಟಾಟಾ ಲಾರಿ ಇಂದಿಗೂ ‘ಬೆಂಜ್ ಲಾರಿ’. ಅದಕ್ಕೆ ಕಾರಣವಿದೆ. 1954ರಲ್ಲಿ ಜಮ್‌ಷೆಡ್‌ಪುರದಲ್ಲಿ ಟಾಟಾ ಲಾರಿ ತಯಾರಿಸಲು ಶುರು ಮಾಡಿದ್ದು ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಲ್ಲಿ. 1969ರಲ್ಲಿ ಒಪ್ಪಂದ ಮುಗಿಯಿತು, ಹೆಸರು ಉಳಿಯಿತು.

ನಮ್ಮ ಅಡಿಕೆ ಶಿವಮೊಗ್ಗದ ಮಂಡಿ ಸೇರಿದ್ದು, ಕರಾವಳಿಯ ಹೆಂಚು ಘಾಟಿ ಹತ್ತಿ ಬಂದದ್ದು ಇಂಥ ಲಾರಿಗಳಲ್ಲೇ. ‘ಹತ್ತಿದ ಗೇರಿನಲ್ಲೇ ಇಳಿಯಬೇಕು’ ಎಂಬುದು ಚಾಲಕರ ಪಾಠ. ಬರೀ ಬ್ರೇಕ್ ನಂಬಿದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ ಎಂಬುದನ್ನು ಕ್ಲೀನರ್ ಹುಡುಗರು ಹುಲಿಕಲ್ ಘಾಟಿಯಲ್ಲೇ ಕಲಿತರು. ನಾವು ಅದನ್ನೇ ‘ಎಂಜಿನ್ ಬ್ರೇಕಿಂಗ್’ ಎಂದು ಬರೆದು ಅಂಕ ಪಡೆಯುತ್ತೇವೆ.

ಸಾರಿಗೆ ಉದ್ಯಮ ಬೆಳೆದದ್ದು ಇಂಥವರ ದುಡಿಮೆಯಿಂದ. 1976ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಆರಂಭಿಸಿದ ವಿಆರ್‌ಎಲ್ ಇಂದು ದೇಶದ ದೊಡ್ಡ ಸರಕು ಸಾಗಣೆ ಸಂಸ್ಥೆಗಳಲ್ಲೊಂದು.

2020ರ ಏಪ್ರಿಲ್‌ನಿಂದ ಬಿಎಸ್-6 ಕಡ್ಡಾಯವಾಗಿದೆ. ಹೊಸ ಲಾರಿಯ ದೋಷ ಹುಡುಕಲು ಸ್ಕ್ಯಾನರ್ ಬೇಕು. ಅದು ತೋರಿಸಿದ್ದನ್ನು ಓದುವುದು ನಮಗೆ ಗೊತ್ತು. ಶಬ್ದ ಕೇಳಿಯೇ ಕಾಯಿಲೆ ಹೇಳುವುದು ಹಳೆಯ ಮೆಕ್ಯಾನಿಕ್‌ಗಳಿಗೆ ಗೊತ್ತು. ಕೆಲಸ ಹುಡುಕುವವರಿಗೆ ಎರಡೂ ಬೇಕು.

ಇಂಟರ್ನ್‌ಶಿಪ್ ಸರ್ಟಿಫಿಕೇಟಿಗಾಗಿ ಬೆಂಗಳೂರಿಗೆ ಓಡುವ ನಾವು ರಜೆಯಲ್ಲಿ ಒಂದು ತಿಂಗಳು ಊರಿನ ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಳ್ಳಬಾರದೇಕೆ? ಕಾಲೇಜುಗಳೂ ಅದನ್ನು ಇಂಟರ್ನ್‌ಶಿಪ್ ಎಂದೇ ಒಪ್ಪಿಕೊಳ್ಳಲಿ. ಕಲಿಸಬಲ್ಲ ಹಿರಿಯರು ಒಬ್ಬೊಬ್ಬರಾಗಿ ಸ್ಟೀರಿಂಗ್, ಸ್ಪ್ಯಾನರ್ ಬಿಟ್ಟು ಮನೆ ಸೇರುತ್ತಿದ್ದಾರೆ. ಕೇಳಿ ತಿಳಿಯುವುದಿದ್ದರೆ ಈಗಲೇ ಕೇಳಬೇಕು.